ಷರಾ

ಅಂಗಡಿ ಬಾಬಣ್ಣಗ ನನ್ನ ಗುರ್ತು ಚಲೋ ಅದ:
"ಏನ್ ಸಾಹೇಬ್ರ, ಮತ್ತೊಂದು ನೋಟ್‌ಬುಕ್ಕಾ?"
ಹನ್ನೊಂದು ವರ್ಷದಾಗ ಹದಿನಾಲ್ಕು ಒಯ್ದೀನಿ,
ಇನ್ನೂರು ಪುಟದವು, ಗಟ್ಟಿ ರಟ್ಟಿನವು.
ಒಂದೊಂದರಾಗೂ ಮೊದಲ ಹಾಳಿ ಮ್ಯಾಲೆ ಶ್ರೀ,
ಎರಡನೇದರ ಮ್ಯಾಲೆ ಪುಸ್ತಕದ ಹೆಸರು,
ಮೂರನೇದು ಹರದೀನಿ.
ಉಳಿದದ್ದು ಮಗಳ ಗಣಿತಕ್ಕ, ಹಾಲಿನ ಲೆಕ್ಕಕ್ಕ,
ಮದುವಿಗೆ ಯಾರ್ಯಾರು ಎಷ್ಟು ಆಯೇರಿ ಮಾಡಿದ್ರು ಅನ್ನೋದಕ್ಕ.

ಬರೀಬೇಕಂದದ್ದು ನಮ್ಮ ತಾತನ ಮ್ಯಾಲೆ.
ಸೂಗಪ್ಪ. ದೇವಸುಗೂರಿನ ದಂಡಿಯಿಂದ ಆ ಕಡಿ ದಂಡಿಗೆ
ನಲವತ್ತು ವರ್ಷ ಹರಗೋಲು ಹಾಕಿದಾಂವ.
ಬಸುರಿ ಹೆಣ್ಮಕ್ಕಳು, ಆಡು, ಜೋಳದ ಚೀಲ,
ಒಮ್ಮೆ ಒಂದು ಹಾರ್ಮೋನಿಯಂ,
ಎಲ್ಲಾ ದಾಟ್ಸಿದ.
ನನಗ ಒಂದು ಸಾಲು ದಾಟ್ಸಾಕ ಆಗವಲ್ದು.

ಟೈಮ್ ಇಲ್ಲ ಅಂದೆ. ಶಿಫ್ಟ್ ಡ್ಯೂಟಿ ಅಂದೆ.
ಮೇಜಿಲ್ಲ ಅಂದೆ; ರಾಯಚೂರಿಗೆ ಹೋಗಿ
ತೀನ್ ಕಂದೀಲ್ ಹತ್ರ ಮೇಜು ತಂದೆ,
ಅದರ ಮ್ಯಾಲೆ ಈಗ ಇಸ್ತ್ರಿ ಮಾಡ್ತಾರ.
ಕಿಟಕಿ ತೆಗದ್ರ ಶಕ್ತಿನಗರದ ಬೂದಿ, ಮುಚ್ಚಿದ್ರ ಕುದಿ.
ಇದು ಖರೇನ. ಆದ್ರ ಕಾರಣ ಅಲ್ಲ.

ಒಂದು ಬ್ಯಾಸಿಗಿ ಹಟ ಹಿಡದು ಮೂವತ್ತು ಪುಟ ಬರದೆ.
ಹುಸೇನವ್ವತ್ತಿಗೆ ಓದಿ ಹೇಳಿದೆ. ತಾತನ ಕಡೀ ಮಗಳು,
ಅಕ್ಷರ ಬರಂಗಿಲ್ಲ, ಕಿವಿ ಚೂಪು:
"ಕೃಷ್ಣೆಯ ಪ್ರಶಾಂತ ಸಲಿಲರಾಶಿಯ ಮೇಲೆ
ಅರುಣನ ಹೊಂಗಿರಣಗಳು ಲಾಸ್ಯವಾಡುತ್ತಿರಲು..."
ಅತ್ತಿ ಎಲಿಗೆ ಸುಣ್ಣ ಹಚ್ಚೋದು ನಿಲ್ಲಿಸಿದಳು.
"ಯಾರಿಂವ?"
ತಾತ, ಅಂದೆ.
"ನಮ್ಮಪ್ಪನ್ನ ಯಾಕ ಅಷ್ಟು ಇಸ್ತ್ರಿ ಮಾಡಿ ನಿಲ್ಸಿದ್ಯೋ?
ಆಂವ ನೀರಿಗೆ ಬೈತಿದ್ದ."

ಒಂದ ಕಡಿ ಹುಟ್ಟು ಹಾಕಿದ್ರ ಹರಗೋಲು
ಮುಂದಕ್ಕ ಹೋಗಂಗಿಲ್ಲ, ಇದ್ದಲ್ಲೇ ಗರಗರ ತಿರಗ್ತದ.

ಆಮ್ಯಾಲೆ ಎರಡು ವರ್ಷ ಸುಮ್ನಿದ್ದೆ.

ಸಿ ಶಿಫ್ಟ್, ರಾತ್ರಿ ಎರಡು. ಕಂಟ್ರೋಲ್ ರೂಮಿನಾಗ
ಗಂಟಿಗೊಮ್ಮೆ ಲಾಗ್‌ಬುಕ್ ತುಂಬೋದು ನನ್ನ ಕೆಲಸ:
ಉಗಿ ಒತ್ತಡ, ಡ್ರಮ್ಮಿನ ನೀರು, ಎಷ್ಟು ಮಿಲ್ಲು ನಡದಾವ.
ಕಡೀ ಕಾಲಮ್ಮು, ಷರಾ.
ಇಪ್ಪತ್ತಾರು ವರ್ಷ ಅದರಾಗ "ಏನೂ ಇಲ್ಲ" ಅಂತ ಬರದೀನಿ.
ಅವತ್ತು ಟ್ರಿಪ್ಪಾಗಿದ್ದ ಬಾಯ್ಲರ್ ಹೊಳ್ಳಿ ಹಚ್ಚತಿದ್ವಿ.
ತಣ್ಣಗಾದದ್ದಕ್ಕ ಕಲ್ಲಿದ್ದಲು ನೇರ ಹತ್ತಂಗಿಲ್ಲ,
ಮೊದಲು ಎಣ್ಣಿ. ಸಣ್ಣ ಉರಿ. ತಾಸುಗಟ್ಟಲೆ ಕಾಯೋದು.
ರದ್ದಿ ಲಾಗ್‌ಬುಕ್ ಒಂದು ಬಿದ್ದಿತ್ತು, ಷರಾದಾಗ ಬರದೆ:
"೦೨-೦೦. ತಾತ ನೀರಿಗೆ ಬೈದ."
ಜಾಗ ಅಷ್ಟ ಇತ್ತು.
"೦೩-೦೦. ನೀರು ಹೊಳ್ಳಿ ಬೈಲಿಲ್ಲ. ತಾತಗ ಸಿಟ್ಟು ಹೆಚ್ಚಾತು."

ಹಂಗ ನಡೀತು. ಗಂಟಿಗೊಂದು ಷರಾ.
ಕೆಟ್ಟದ್ದೂ ಬರದೆ. ಕಾಟು ಹಾಕಲಿಲ್ಲ:
ಲಾಗ್‌ಬುಕ್ಕಿನಾಗ ಕಾಟು ಹಾಕಿದ್ರ ಬಾಜೂಕ ಸಹಿ ಮಾಡಬೇಕು,
ಯಾಕ ಹಾಕಿದಿ ಅಂತ ಸಾಹೇಬ್ರು ಕೇಳ್ತಾರ.

ಮುಗಿಸೋದು ಅದರಕಿಂತ ಕಠಿಣ.
ಕಡೀ ಅಧ್ಯಾಯದಾಗ ತಾತ ನಡು ಹೊಳ್ಯಾಗ.
ಒಂದು ಮಳಿಗಾಲ, ಇನ್ನೊಂದು ಮಳಿಗಾಲ, ಅಲ್ಲೇ.
ದಂಡಿಗೆ ಬಂದ್ರ ಇಳೀತಾನ, ಇಳದ್ರ ಮನಿಗೆ ಹೋಗ್ತಾನ,
ಹೋದ್ರ ಆ ಜ್ವರ ಬರ್ತದ.
ಅದಕ್ಕ ಹರಗೋಲಿನ ಬಿದಿರು ಎಣಿಸಿದೆ,
ಡಾಂಬರಿನ ವಾಸನಿ ಮ್ಯಾಲೆ ನಾಕು ಪುಟ,
ಮೀನಿನ ಹೆಸರು ಹದಿನೇಳು.
ಅತ್ತಿ ಕೇಳಿ ಕೇಳಿ ಆಕಳಿಸಿದಳು:
"ಎಷ್ಟು ದಿನ ನಿಂದ್ರಸ್ತಿ? ಕಾಲು ಜೋಮು ಹಿಡದಿರ್ತಾವ,
ಹಸದಿರ್ತಾನ. ದಂಡಿಗೆ ಬಿಡೋ ಅವನ್ನ.
ಸತ್ತದ್ದು ನನಗ ಗೊತ್ತದ.
ನೀ ಬರದ್ರ ಹೊಸದಾಗಿ ಸಾಯಂಗಿಲ್ಲ."

ಪ್ಲಾಂಟಿನಾಗ ಯಾರೂ ಯಾವುದೂ ಮುಗಿಸಂಗಿಲ್ಲ.
ಉರಿಯೋದು ಉರೀತಿರ್ತದ,
ಸಹಿ ಮಾಡಿ, ಚಾರ್ಜು ಕೊಟ್ಟು, ಡಬ್ಬಿ ತಗೊಂಡು ಮನಿಗೆ ಹೋಗೋದು.
ನಿನ್ನೆ ನಸುಕಿನಾಗ ಬರದೆ:
"೦೫-೦೦. ಹರಗೋಲು ಕಲ್ಲಿಗೆ ಬಡೀತು.
ತಾತ ಇಳದು ದೋತರ ಹಿಂಡಿದ."

ಎ ಶಿಫ್ಟಿನ ಹುಡುಗ ಬಂದ,
ನಾ ಸಹಿ ಮಾಡೋದ್ರಾಗ ಬಗ್ಗಿ ಷರಾ ಓದಿದ.
"ಸರ್," ಅಂದ,
"ಇದು ಯಾವ ಯೂನಿಟ್?"