ಮುಚ್ಚದ ಕಂಸ

ಸೋಹಾರ್ ಬಂದರಿನ ಮೂರನೇ ಗೇಟಿನ ಹಿಂದೆ
ಹದಿನೆಂಟು ಡಿಗ್ರಿಯ ಕೋಣೆಯಲ್ಲಿ
ನಮ್ಮೆಲ್ಲರ ಹೆಸರು ಇರುತ್ತದೆ.
ಮರದ ಹಾಗೆ, ಬೇರು ಮೇಲಾಗಿ:
ಕಂಪನಿ, ವಿಭಾಗ, ಪಾಳಿ,
ಕೊನೆಗೆ ಎಲೆಯಷ್ಟು ಮನುಷ್ಯ.

ನಾನು ಅದರಲ್ಲಿ ಬೂವಬ್ಬ.
ಅರಬಿಯಲ್ಲಿ ಪಕಾರವಿಲ್ಲ. ಪೂವಪ್ಪ ಅಂದೆ,
ಕಾರ್ಡು ಮಾಡುವವನು ಕೇಳಿಸಿದ್ದನ್ನು ಬರೆದ.
ಹೂವೂ ಹೋಯಿತು, ಅಪ್ಪನೂ ಹೋದ,
ಸಂಬಳ ಬರುತ್ತದೆ.

ಬಾಗಿಲು ಕೇಳುತ್ತದೆ ಯಾರೆಂದು, ಕ್ರೇನು ಕೇಳುತ್ತದೆ,
ಮೆಸ್ಸಿನಲ್ಲಿ ಅನ್ನದ ಕೌಂಟರೂ ಕೇಳುತ್ತದೆ.
ಎಲ್ಲಕ್ಕೂ ಡೈರೆಕ್ಟರಿ ಸರ್ವರು ಒಂದೇ ಹೇಳಬೇಕು:
ಗೊತ್ತು, ಬಿಡು ಒಳಗೆ.

ನಾಲ್ಕೂವರೆಗೆ ಅದು ಮಾತು ನಿಲ್ಲಿಸಿತು.

ಎಬ್ಬಿಸಿದೆ. ಎರಡು ನಿಮಿಷ ಉಸಿರಾಡಿ ಬಿತ್ತು.
ಮತ್ತೆ ಎಬ್ಬಿಸಿದೆ.
ಹೊರಗೆ ಮೂರು ಬಸ್ಸಿನಿಂದ ಇಳಿದ ಜನ,
ಕಾರ್ಡು ಒತ್ತಿದರೆ ಕೆಂಪು ದೀಪ.
ಕೆಲವರು ಅಂಗಿಗೆ ತಿಕ್ಕಿ ತಿಕ್ಕಿ ಒತ್ತಿದರು
ತಪ್ಪು ತಮ್ಮದೇ ಎಂಬಂತೆ.

ಯಾರೋ ಶತ್ರು ಎಂದುಕೊಂಡು ಲಾಗು ತೆರೆದೆ.
ಶತ್ರುವಲ್ಲ, ಮೆಸ್ಸಿನ ಹಾಜರಿ ಯಂತ್ರ.
ಗುಮಾಸ್ತ ಒಂದು ಹೆಸರಿನ ಮುಂದೆ ಬರೆದಿದ್ದ

ಮೌಲಾಲಿ (ರಜೆ

ಕಂಸ ತೆರೆದವನು ಮುಚ್ಚಲು ಮರೆತ.
ಶಾಲೆಯಲ್ಲಾದರೆ ಮೇಷ್ಟ್ರು ಅರ್ಧ ಮಾರ್ಕು ಕಳೆಯುತ್ತಿದ್ದರು,
ಇಲ್ಲಿ ಇಡೀ ಗೇಟು.
ಯಂತ್ರ ಕೇಳಿತು, ಇವನೆಲ್ಲಿ?
ಉತ್ತರ ಬಾರದ್ದಕ್ಕೆ ಅದೇ ಪ್ರಶ್ನೆಯನ್ನು
ಇನ್ನೊಂದು ಕಂಸದೊಳಗಿಟ್ಟು ಕೇಳಿತು,
ಅದನ್ನು ಮತ್ತೊಂದರೊಳಗೆ

((((((((ಮೌಲಾಲಿ (ರಜೆ

ರಾತ್ರಿಯಿಡೀ.
ನಮ್ಮ ಸರ್ವರು ಮರ್ಯಾದಸ್ಥ, ಸಾಕು ಎನ್ನಲು ಬಾರದು.
ಕದದ ಹಿಂದಿನ ಕದ ತೆರೆಯುತ್ತ ಒಳಗೊಳಗೇ ಹೋಗಿ
ತಿರುಗಿ ಬರುವಷ್ಟು ನೆನಪು ಸಾಲದೆ
ಅಲ್ಲೇ ಕುಸಿಯಿತು.

ಈ ತೂತಿಗೆ ತೇಪೆ ಬಂದು ಹನ್ನೊಂದು ದಿನ.
ಓದಿದ್ದೆ ನಾನು. ಹೆಸರಿಲ್ಲದವನೂ ಬರೀ ಕೇಳಿ
ಕೆಡವಬಹುದು ಎಂದಿತ್ತು.
ಗುರುವಾರ ಹಾಕೋಣ ಎಂದು ಹಳದಿ ಚೀಟಿ ಅಂಟಿಸಿದ್ದೆ.
ಗುರುವಾರ ಮಾರುಕಟ್ಟೆಗೆ ಒಳ್ಳೆ ಅಂಜಲ್ ಬಂದಿತ್ತು,
ಮೀನಿಗೆ ಹೋದೆ.

ಏಳು ಸಲ ಎಬ್ಬಿಸಿದೆ, ಏಳನ್ನೂ ಕಂಸ ಕೊಂದ.
ತೇಪೆ ಹಾಕಿದ ಎಂಟನೆಯದು ಉಳಿಯಿತು.

ಹೊರಗೆ ಬಂದರೆ ಸೆಕೆಗೆ ಕನ್ನಡಕ ಮಂಜು.
ಒರೆಸಿ ನೋಡಿದೆ: ಗೇಟು ಆಗಲೇ ತೆರೆದಿತ್ತು.
ಕಾವಲಿನ ಖಲ್ಫಾನ್ ತೊಡೆಯ ಮೇಲೆ ಉದ್ದ ಪುಸ್ತಕವಿಟ್ಟು
ಮುಖ ನೋಡಿ ನೋಡಿ ಹೆಸರು ಬರೆದುಕೊಂಡಿದ್ದ,
ಬಲದಿಂದ ಎಡಕ್ಕೆ, ಇನ್ನೂರ ಹದಿನಾಲ್ಕು.
"ಬೂವಬ್ಬ, ಚಾ?" ಎಂದ.

ಮೌಲಾಲಿ ಎಲ್ಲಿ ಎಂದು ಕೇಳಿದೆ.
ರಂಜಾನಿಗೆ ಹೋದ, ಫೋನು ಸ್ವಿಚ್ ಆಫ್ ಅಂದ,
ಬೆಂಚಿನ ಕೆಳಗೆ ಕೈ ತೋರಿಸಿದ: ಒಂದು ಜೊತೆ ಬೂಟು,
ಲೇಸು ಕಟ್ಟಿಯೇ ಇದೆ.
ಪುಸ್ತಕದಲ್ಲೂ ಅವನಿಗೊಂದು ಸಾಲಿತ್ತು,
ಹೆಸರು, ಖಾಲಿ ಜಾಗ, ಒಂದು ಕಂಸ.
ಅರಬಿಯಲ್ಲಿ ಅದು ತೆರೆದದ್ದೋ ಮುಚ್ಚಿದ್ದೋ
ನನಗೆ ಓದಲು ಬರುವುದಿಲ್ಲ.