ಸೀಟಿ ಸಣ್ಣಗಿದ್ದ ರಾತ್ರಿ

ಮಂಡಕ್ಕಿ ಭಟ್ಟಿಗಳ ಹಿಂದಿನ ಸಾಲಿನಲ್ಲಿ
ತಗಡಿನ ಮನೆ ನಮ್ಮದು.
ಬಾಡಿಗೆ ಸಾವಿರದೆಂಟುನೂರು,
ಹೊಗೆ ಬಿಟ್ಟಿ.

ಅಪ್ಪನಿಗೆ ಈ ಊರಲ್ಲಿ ಒಂದೇ ಹೆಸರು, ಬಹದ್ದೂರ್.
ಅವನಿಗಿಂತ ಮುಂಚೆ ಇದ್ದವನಿಗೂ ಅದೇ,
ನಾಳೆ ಬರುವವನಿಗೂ ಅದೇ ಇರಬಹುದು,
ಕೋಟಿನ ಜೊತೆ ಬಿಟ್ಟುಹೋಗುವ ಹೆಸರು.
ಧನವೀರ ಸಾವುದ್ ಅಂತ ಅವನನ್ನು ಪೂರಾ ಕರೆಯುವುದು
ಚಿಗಟೇರಿ ಆಸ್ಪತ್ರೆಯ ಚೀಟಿ ಮಾತ್ರ,
ಅದೂ ತಪ್ಪು ಕಾಗುಣಿತದಲ್ಲಿ.

ನಾನು ಪಬಿತ್ರಾ.
ನಿಟುವಳ್ಳಿ ಶಾಲೆಯ ಹಾಲಮ್ಮ ಟೀಚರ್
ಹಾಜರಿ ಪುಸ್ತಕದ ಮೇಲೆ ಪೆನ್ನು ತಡೆದು
‘ಬ ಅಲ್ಲವ್ವ, ವ’ ಅಂದು ತಿದ್ದಿದರು.
ಬನಬಸಾ ಗಡಿಯಲ್ಲಿ ಯಾರೂ ಏನೂ ಕೇಳಿರಲಿಲ್ಲ.
ಇಲ್ಲಿ ಒಂದಕ್ಷರ ಸುಂಕ ಕಟ್ಟಿದೆ.

ಅಮ್ಮ ಮೂರು ಮನೆಯ ಪಾತ್ರೆ ತಿಕ್ಕುತ್ತಾಳೆ.
ಅವಳಿಗೆ ಬರುವ ಕನ್ನಡ:
ಬೇಕು, ಬ್ಯಾಡ, ನಾಳೆ, ಸೋಪಿಲ್ಲ.
ಅಷ್ಟರಲ್ಲೇ ಏಳು ವರ್ಷ ಬಾಳಿದ್ದಾಳೆ.
ಉಳಿದದ್ದಕ್ಕೆಲ್ಲ ನಾನು.
ಔಷಧಿ ಅಂಗಡಿಗೆ ನಾನು, ಗ್ಯಾಸಿನವನಿಗೆ ನಾನು,
ಬಾಡಿಗೆ ಏರಿಸಲು ಬಂದ ಬಸಣ್ಣನ ಮುಂದೆ
‘ಏನ್ ಕಾಕಾ, ಹೋದ ದೀಪಾವಳಿಗೇ ಏರ್ಸೀರಲ್ಲ’ ಅನ್ನಲೂ ನಾನು.
ಅಮ್ಮ ಪಕ್ಕದಲ್ಲಿ ನಿಂತು
ನನ್ನ ಮುಖ ಓದುತ್ತಾಳೆ,
ಗೆದ್ದೆವೋ ಸೋತೆವೋ.

ಅಛಾಮಿನಿಂದ ಚಿಕ್ಕಮ್ಮ ಫೋನಿನಲ್ಲಿ,
ಪರದೇಶ ಹೇಗಿದೆ ಅಕ್ಕಾ?
ಅಮ್ಮ ಹೇಳುತ್ತಾಳೆ:
ಗುಡ್ಡ ಇಲ್ಲ. ನೀರು ನಾಲ್ಕು ದಿನಕ್ಕೊಮ್ಮೆ.
ಮೆಣಸಿನಕಾಯನ್ನೇ ಕರಿದು ತಿನ್ನುತ್ತಾರೆ,
ಕಣ್ಣಲ್ಲಿ ನೀರು ಬಂದರೂ
ಇನ್ನೊಂದು ಹಾಕು ಅನ್ನುತ್ತಾರೆ.

ಶ್ರಾವಣದಲ್ಲಿ ಅಪ್ಪನಿಗೆ ಜ್ವರ.
ಇದ್ದಬದ್ದ ಕಂಬಳಿ ಹೊದಿಸಿದರೂ ಹಲ್ಲು ಕಟಕಟ.
ಒಂದು ರಾತ್ರಿ ಸೀಟಿ ಕೇಳದಿದ್ದರೆ ಸಾಕು,
ತಿಂಗಳ ಐವತ್ತು ರೂಪಾಯಿ ತಪ್ಪಿಸಲು
ಮನೆಗೊಂದು ಕಾರಣ ಹುಟ್ಟುತ್ತದೆ.
ಅಮ್ಮ ಅವನ ಪ್ಯಾಂಟನ್ನು ಎರಡು ಮಡಿಕೆ ಮಡಿಚಿ,
ಕೋಟು ತೊಟ್ಟು, ಮಂಕಿ ಟೋಪಿ ಎಳೆದುಕೊಂಡಳು.
ತಮ್ಮನನ್ನು ಅಪ್ಪನ ಮಗ್ಗುಲಿಗೆ ಒರಗಿಸಿ
ಟಾರ್ಚು ಹಿಡಿಯಲು ನಾನು.

ಅಶೋಕ ಟಾಕೀಸ್ ಗೇಟು ಹಾಕಿತ್ತು.
ಗೂಡ್ಸ್ ಗಾಡಿ ದಾಟುವ ತನಕ
ಅಮ್ಮ ಡಬ್ಬಿ ಎಣಿಸಿದಳು, ಊರಿನ ಭಾಷೆಯಲ್ಲಿ.
ಐವತ್ತೆಂಟು.

ಪಿ.ಜೆ. ಬಡಾವಣೆಯ ನಾಯಿಗಳು
ಕೋಟು ಮೂಸಿ ಬಾಲ ಅಲ್ಲಾಡಿಸಿದವು,
ಕೋಟಿನೊಳಗಿನವಳ ಬಗ್ಗೆ ಒಂದು ಗಳಿಗೆ ಯೋಚಿಸಿದವು.
ಅಮ್ಮ ಊದಿದಳು. ಬರೀ ಗಾಳಿ.
ಮತ್ತೆ ಊದಿದಳು.
ಮೇಕೆ ಕರೆಯುತ್ತಿದ್ದ ಉಸಿರು ನೆನಪಾಯಿತೇನೋ,
ಬೀದಿಯ ಆ ತುದಿಯವರೆಗೆ ಸೀಳಿತು.
ಒಂದು ಕಿಟಕಿಯಲ್ಲಿ ಕೆಮ್ಮು, ಆಮೇಲೆ ಮುದುಕಿಯ ದನಿ:
‘ಬಹದ್ದೂರ್ ಬಂದ, ಮಲ್ಕೊಳ್ರಿ.’
ಏನಂತೆ? ಅಮ್ಮ ಪಿಸುಗುಟ್ಟಿದಳು.
ನೀನು ಬಂದೆ ಅಂತ, ಅಂದೆ.

ನಸುಕಿಗೆ ಭಟ್ಟಿಯ ಫಕ್ರುದ್ದೀನ್ ಚಾಚಾ
ಜರಡಿಯಿಂದ ಬೊಗಸೆ ಬಿಸಿ ಮಂಡಕ್ಕಿ
ಮುಖ ನೋಡದೆ ಕೋಟಿನ ಜೇಬಿಗೇ ಸುರಿದ.
‘ಲೇ ಬಹದ್ದೂರ್, ತಡ ಆತಲ್ಲೋ ಇವತ್ತು.’
ಮನೆ ಮುಟ್ಟುವವರೆಗೂ ಅಮ್ಮ
ಜೇಬಿನಿಂದ ಕೈ ತೆಗೆಯಲಿಲ್ಲ.

ಒಂದನೇ ತಾರೀಖು ಅಪ್ಪನ ಜೊತೆ ವಸೂಲಿಗೆ ಹೋದೆ.
ಮೂಲೆ ಮನೆಯ ಶಿವಯೋಗಪ್ಪನವರು
ಐವತ್ತರ ನೋಟನ್ನು ಬೆಳಕಿಗೆ ಹಿಡಿದು:
‘ಅವತ್ತೊಂದ್ ರಾತ್ರಿ ಸೀಟಿ ಸಣ್ಣಗಿತ್ತಲ್ಲಪ್ಪ?’
ಅಪ್ಪ ನನ್ನ ಕಡೆ ನೋಡಿದ.
‘ಹೊಸಾ ಸೀಟಿ ರೀ,’ ಅಂದೆ.
‘ಚಲೋ ಐತಿ. ಅದ್ನೇ ಊದು. ದೂರಕ್ಕೆ ಕೇಳ್ತತಿ.’

ಚಲೋ ಅಂದ ಕೂಡಲೇ,
ನಡಿ ಅಂದರೆಂದುಕೊಂಡು, ಹಳೇ ರೂಢಿ,
ಅಪ್ಪ ಆಗಲೇ ಮುಂದಿನ ಗೇಟಿನ ಚಿಲಕ
ಅಲ್ಲಾಡಿಸುತ್ತಿದ್ದ.