ಎರಡನೆಯ ಪ್ರೂಫು

ಬೆಟಗೇರಿಯ ಪ್ರೆಸ್ಸಿನಲ್ಲಿ ಮೂವತ್ತುನಾಲ್ಕು ವರ್ಷ
ಕರಡು ತಿದ್ದಿದ ದಾವಲಸಾಬ ನದಾಫರು
ಮೊದಲ ಸಲ ತಪ್ಪಿದ್ದು ಒಂದು ಲಗ್ನಪತ್ರಿಕೆಯಲ್ಲಿ:
'ಮಠದ ಸ್ವಾಮಿಗಳು' ಇರಬೇಕಾದಲ್ಲಿ
'ಮರದ ಸ್ವಾಮಿಗಳು'.
ಬೀಗರು ನಕ್ಕರು. ಮಾಲಕರು ನಗಲಿಲ್ಲ.
ಆಮೇಲೆ ಬಲಗೈಯಿಂದ ಪೆನ್ನು ಜಾರಿತು,
ಮಗಳನ್ನು ಕರೆದರೆ ತಂಗಿಯ ಹೆಸರು ಬಂತು.

ಹುಬ್ಬಳ್ಳಿಯಲ್ಲಿ ತೆಗೆಸಿದ ಎಂ.ಆರ್.ಐ. ಫಿಲ್ಮಿನಲ್ಲಿ
ಎಡಮೆದುಳಿನ ಆಳಕ್ಕೊಂದು ಬಿಳಿ,
ಅವರಜ್ಜ ಹಿಂಜಿ ಬಿಟ್ಟ ಹತ್ತಿಯ ಹಾಗೆ.
ಗ್ಲಯೋಮಾ ಅಂದರು ಒಬ್ಬರು,
ಬೇರೆಲ್ಲಿಂದಲೋ ಹಬ್ಬಿದ ಕ್ಯಾನ್ಸರು ಅಂದರು ಇನ್ನೊಬ್ಬರು,
ಟಿ.ಬಿ. ಗಂಟೂ ಇದ್ದೀತು ಅಂದರು ಹಿರಿಯರು.
ಬಿಳುಪಿಗೆ ಅಡ್ಡಹೆಸರು ಇರುವುದಿಲ್ಲ.

ಬಾವು ಇಳಿಯಲೆಂದು ಗದಗಿನಲ್ಲೇ ಸ್ಟಿರಾಯ್ಡು ಕೊಟ್ಟಿದ್ದರು.
ಐದು ದಿನಕ್ಕೆ ಎದ್ದು ಕೂತು ಚಹಾ ಕೇಳಿದರು,
ಹಳೇ ಪೇಪರಿನ ತಪ್ಪು ಎಣಿಸಿದರು.
ಜೈತುನಬಿ ದರ್ಗಾದಲ್ಲಿ ಸಕ್ಕರೆ ಓದಿಸಿ ಹಂಚಿದಳು.
ಆ ವಾರವೇ ಸೂಜಿ ಇಳಿಸಿ ತೆಗೆದ ಅಕ್ಕಿಕಾಳಿನಷ್ಟು ಚೂರು
ನನ್ನ ಮೈಕ್ರೋಸ್ಕೋಪಿನಡಿ ಬಂತು:
ಸತ್ತ ಕೋಶಗಳ ಧೂಳು, ಧೂಳು ಗುಡಿಸುವ ಕೋಶಗಳು.
'ಗಡ್ಡೆ ಕಾಣಲಿಲ್ಲ' ಎಂದು ಸಹಿ ಮಾಡಿದೆ.
ಬರೆದದ್ದು ನಿಜವೇ. ನಿದ್ದೆ ಬರಲಿಲ್ಲ.

ಬೆಳಿಗ್ಗೆ ಸರ್ಜನ್ನರಿಗೆ ಫೋನು ಮಾಡಿದೆ:
ಇಷ್ಟು ಲಗೂ ಕರಗೋ ಗಂಟನ್ನ ನಂಬಬ್ಯಾಡ್ರಿ,
ಸ್ಟಿರಾಯ್ಡು ಮೆಲ್ಲಕ ಇಳಸ್ರಿ, ಕಾಯೋಣು.

ಕಾಯುವುದೆಂದರೆ
ಮನುಷ್ಯ ಮತ್ತೆ ಕೆಡಲಿ ಎಂದು ಕಾಯುವುದು.
ಕಾರಿಡಾರಿನಲ್ಲಿ ಜೈತುನಬಿ ಅಡ್ಡ ನಿಂತಳು:
"ಆರಾಮ ಆಗಾಕ್ಹತ್ತಿತ್ತಲ್ರೀ ಬಾಯಾರ,
ಗುಳಗಿ ಯಾಕ ಕಸಗೊಂಡ್ರಿ?"
ಉತ್ತರವಿತ್ತು ನನ್ನಲ್ಲಿ.
ಅವಳ ಮುಖ ನೋಡಿ ಹೇಳುವಂಥದಲ್ಲ.

ಹತ್ತೊಂಬತ್ತನೆಯ ದಿನ ಪೆನ್ನು ಜಾರಿತು.
ಮತ್ತೆ ಸೂಜಿ, ಮತ್ತೊಂದು ಚೂರು.
ಈ ಸಲ ರಕ್ತನಾಳದ ಸುತ್ತ ಕಿಕ್ಕಿರಿದ ನೀಲಿ ಕೋಶಗಳು,
ಕೊನೆಯ ಬಸ್ಸಿನ ಬಾಗಿಲಿಗೆ ಮುತ್ತಿದ ಮಂದಿಯ ಹಾಗೆ.
ಸಿ.ಡಿ. ಇಪ್ಪತ್ತರ ಬಣ್ಣಕ್ಕೆ
ಒಂದೊಂದರ ಅಂಚೂ ಕಂದಾಯಿತು.
ಲಿಂಫೋಮಾ.
ಕೊಯ್ದು ತೆಗೆಯುವುದಲ್ಲ, ಔಷಧಿಗೆ ಬಗ್ಗುವುದು.
ಬಗ್ಗಿದರೆ.

ಗಾಲಿಕುರ್ಚಿಯಲ್ಲಿ ಬಂದ ದಾವಲಸಾಬರು
ವರದಿಯನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು,
ಇಂಗ್ಲಿಷಿನಲ್ಲಿ ತಪ್ಪೇನೂ ಸಿಗಲಿಲ್ಲವೇನೋ.
ನನ್ನ ಕಿಸೆಯ ಕೆಂಪು ಪೆನ್ನು ಬೇಡಿ
ಹಾಳೆಯ ಹಿಂದೆ ಬಲಗೈಯಿಂದಲೇ ಒಂದು 'ರ' ಬರೆದರು.
ಅದನ್ನು 'ಠ' ಮಾಡಲು ಚುಕ್ಕಿ ಇಡಬೇಕು, ಹೊಟ್ಟೆಯೊಳಗೆ.
ಎರಡು ಸಲ ಹೊರಗೆ ಬಿತ್ತು.
ಮೂರನೆಯದಕ್ಕೆ
ನಾನು ಹಾಳೆ ಗಟ್ಟಿಯಾಗಿ ಹಿಡಿದುಕೊಂಡೆ.